ಕಷ್ಟದ ಬಾಲ್ ಹಿಡೀತಾನೆ, ಸುಲಭದ್ದು ಬಿಡ್ತಾನೆ: ಬೇಸ್‌ಬಾಲ್ ಇನ್‌ಫೀಲ್ಡರ್ ದೋಷ ಹುಡುಕೋ ಕೈಪಿಡಿ

ತೊಂದ್ರೆ ಹೀಗಿರತ್ತೆ. ಟೀಮಲ್ಲಿ ಎಲ್ರಿಗಿಂತ ಚೆನ್ನಾಗಿ ಆಡೋ ಹುಡ್ಗ, ಹನ್ನೆರಡು ವಯಸ್ಸು, ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಂತಿರ್ತಾನೆ, ಅಂದ್ರೆ ಸೆಕೆಂಡ್ ಬೇಸಿಗೂ ಥರ್ಡ್ ಬೇಸಿಗೂ ನಡುವೆ, ಬಾಲ್ ಜಾಸ್ತಿ ಬರೋ ಜಾಗ. ಬೇಸ್ ಅಂದ್ರೆ ರನ್ನರ್ ಒಂದೊಂದಾಗಿ ಓಡಿ ಮುಟ್ಟೋ ಮೂಲೆಗಳು, ಅವುಗಳ ಹತ್ರ ನಿಂತು ಬಾಲ್ ಹಿಡಿಯೋರು ಇನ್‌ಫೀಲ್ಡರ್‌ಗಳು. ಎಡಕ್ಕೆ ಡೈವ್ ಹೊಡೆದು ಹಿಡೀತಾನೆ, ಮಂಡಿ ಮೇಲಿಂದ್ಲೇ ಎಸೆದು ಔಟ್ ಮಾಡ್ತಾನೆ, ಬೇಲಿ ಆಚೆ ಕೂತಿರೋ ಅಪ್ಪ ಅಮ್ಮಂದ್ರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೀತಾರೆ. ಮುಂದಿನ ಬ್ಯಾಟರ್ ಹೊಡೆದಿದ್ದು ನೇರ ಅವನ ಕಡೆಗೇ ಬರತ್ತೆ, ಎರಡು ಪುಟ, ನಿಧಾನ, ನಮ್ಮಜ್ಜಿನೂ ಸೆರಗಲ್ಲಿ ಹಿಡೀಬೋದು ಅನ್ನೋಂಥದ್ದು. ಅದು ಕಾಲ್ ಮಧ್ಯೆ ತೂರಿ ಹೋಗತ್ತೆ. ಆಗ ಬೇಲಿ ಆಚೆಯಿಂದ ಬರೋ ಮಾತು ಎರಡೇ, ಒಂದು "ಫೋಕಸ್!", ಇನ್ನೊಂದು "ಸ್ವಲ್ಪ ಮೈ ಬಗ್ಗಿಸಿ ಆಡೋ!" ನಾನೂ ಕೂಗಿದೀನಿ, ಸುಳ್ಳು ಹೇಳಲ್ಲ.

ನಾನು ಬೇಸ್‌ಬಾಲ್ ಆಡಿ ಬೆಳೆದೋನಲ್ಲ. ತುಮಕೂರಲ್ಲಿ ಟೆನಿಸ್ ಬಾಲ್ ಕ್ರಿಕೆಟ್, ಆಮೇಲೆ ಬೆಂಗಳೂರು, ಈಗ ಡಲ್ಲಾಸ್ ಹತ್ರ ಮನೆ. ಮಗ ಏಳನೇ ವರ್ಷಕ್ಕೆ ಗ್ಲವ್ ಹಾಕ್ಕೊಂಡ, ನಾನು ಬಾಲ್ ಬಕೆಟ್ ಹೊರೋಕೆ ಅಂತ ಹೋದೋನು ಹಾಗೇ ಅಸಿಸ್ಟೆಂಟ್ ಕೋಚ್ ಆಗ್ಬಿಟ್ಟೆ, ಐದು ಸೀಸನ್ ಆಯ್ತು. ಹೊಟ್ಟೆಪಾಡಿಗೆ ಮಾಡೋದು ಪ್ರೊಡಕ್ಷನ್ ಸಪೋರ್ಟ್. ರಾತ್ರಿ ಎರಡು ಗಂಟೆಗೆ ಫೋನ್ ಬಂದಾಗ "ಸರ್ವರ್ ಸೋಮಾರಿ ಆಗಿದೆ" ಅಂತ ಯಾರೂ ಟಿಕೆಟ್ ಬರೆಯಲ್ಲ, ಯಾವ್ ಹೊತ್ತಿಗೆ ನಿಲ್ತು, ಅದಕ್ಕೆ ಮುಂಚೆ ಏನಾಗಿತ್ತು, ಲಾಗ್ ಏನ್ ಹೇಳತ್ತೆ ಅಂತ ನೋಡ್ತೀವಿ. ಮಕ್ಕಳ ವಿಷಯಕ್ಕೆ ಬಂದ್ರೆ ಮಾತ್ರ ಲಾಗೂ ಇಲ್ಲ ಎಂಥದೂ ಇಲ್ಲ, ನೇರ ಸೋಮಾರಿತನಕ್ಕೇ ಹೋಗಿ ನಿಲ್ತೀವಿ. ಫೋಕಸ್ ಇಲ್ಲ ಅನ್ನೋದು ಸ್ಕೂಟರ್ ಸ್ಟಾರ್ಟ್ ಆಗ್ತಿಲ್ಲ ಅಂದ ಹಾಗೆ ಅಷ್ಟೇ. ಪೆಟ್ರೋಲ್ ಖಾಲಿನಾ, ಪ್ಲಗ್ ನೆನೆದಿದ್ಯಾ, ಕಿಲ್ ಸ್ವಿಚ್ ಆಫ್ ಆಗಿದ್ಯಾ, ಅದನ್ನ ನೋಡೋದು ಬಾಕಿ ಇರತ್ತೆ.

ಸ್ಕೋರ್‌ಬುಕ್ ಬಿಡಿ, ನಿಮ್ದೇ ಲೆಕ್ಕ ಇಡಿ

ಸ್ಕೋರ್‌ಬುಕ್ಕಲ್ಲಿ ಇ-6 ಅಂತ ಬರೀತಾರೆ, 6 ಅಂದ್ರೆ ಶಾರ್ಟ್‌ಸ್ಟಾಪ್ ನಂಬರು, ಅದರಿಂದ ಯಾರ್ ತಲೆಗೆ ಕಟ್ಟಿದ್ರು ಅಂತ ಗೊತ್ತಾಗತ್ತೆ, ಯಾಕೆ ಅಂತ ಗೊತ್ತಾಗಲ್ಲ. ರೂಲ್ ಪ್ರಕಾರ ಎರರ್ ಅನ್ನೋದು ಸ್ಕೋರರ್ ತೀರ್ಮಾನ, ಆ ಜಾಗದಲ್ಲಿ ಆಡೋ ಸಾಧಾರಣ ಆಟಗಾರ ಸಾಧಾರಣ ಪ್ರಯತ್ನದಲ್ಲಿ ಮಾಡ್ಬೋದಿತ್ತು ಅನ್ನೋ ಔಟ್ ತಪ್ಪಿದ್ರೆ ಎರರ್. ಬಾಲ್ ಗ್ಲವ್‌ಗೆ ತಾಗಿರ್ಲೇಬೇಕು ಅಂತೇನಿಲ್ಲ. ಆದ್ರೆ ಮೈಗಳ್ಳನ ಥರ ನಿಧಾನಕ್ಕೆ ಎತ್ಕೊಂಡು ರನ್ನರ್‌ನ ಬಿಟ್ರೆ, ಇಲ್ಲಾ ಎಷ್ಟು ಔಟ್ ಆಗಿದೆ ಅಂತ ಮರೆತು ಸುಮ್ನೆ ನಿಂತ್ರೆ, ಅಂಥ ತಲೆಯಲ್ಲಾಗೋ ತಪ್ಪು ಸಾಮಾನ್ಯವಾಗಿ ಎರರ್ ಲೆಕ್ಕಕ್ಕೇ ಬರಲ್ಲ. ಅಂದ್ರೆ ತಮಾಷೆ ನೋಡಿ, ಯಾವ್ದಕ್ಕೆ ನಾವು ಫೋಕಸ್ ಇಲ್ಲ ಅಂತ ಬೈಬೇಕೋ ಅದು ಪುಸ್ತಕದಲ್ಲೇ ಇರಲ್ಲ, ಪುಸ್ತಕದಲ್ಲಿ ಇರೋದಕ್ಕೆ ಎಷ್ಟೋ ಸಲ ಫೋಕಸ್ ಕಾರಣಾನೇ ಅಲ್ಲ.

ಅದಕ್ಕೆ ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಪ್ರತಿ ತಪ್ಪಿಗೂ ಒಂದು ಸಾಲು. ತಪ್ಪು ಎಲ್ಲಿ ಆಯ್ತು ಅನ್ನೋದು ಮುಖ್ಯ: ಬಾಲ್ ಹೊಡೆಯೋಕ್ ಮುಂಚೆನಾ, ಬಾಲ್ ಕಡೆಗೆ ಹೋಗುವಾಗ್ಲಾ, ಗ್ಲವ್‌ಗೆ ಬೀಳುವಾಗ್ಲಾ, ಗ್ಲವ್‌ನಿಂದ ಕೈಗೆ ತಗೊಳ್ಳುವಾಗ್ಲಾ, ಎಸೆಯುವಾಗ್ಲಾ. ಪಕ್ಕದಲ್ಲಿ ಬಾಲ್ ಸುಲಭದ್ದಾ ಕಷ್ಟದ್ದಾ, ಎಷ್ಟನೇ ಇನ್ನಿಂಗ್ಸ್, ಹೊತ್ತೆಷ್ಟು, ಅದಕ್ಕೆ ಸ್ವಲ್ಪ ಮುಂಚೆ ಅವನಿಗೆ ಏನಾಗಿತ್ತು, ಸ್ಟ್ರೈಕ್‌ಔಟ್ ಆಗಿ, ಅಂದ್ರೆ ಬ್ಯಾಟಿಂಗಲ್ಲಿ ಬಾಲ್ ಹೊಡೆಯೋಕಾಗ್ದೇ ಔಟ್ ಆಗಿ, ಬಂದಿದ್ನಾ, ಅಷ್ಟು ಸಾಕು. ಅವನ ಮುಂದೆ ಬರೀಬೇಡಿ, ಮಕ್ಕಳಿಗೆ ಗೊತ್ತಾಗ್ಬಿಡತ್ತೆ.

ನಮ್ಮ ಶಾರ್ಟ್‌ಸ್ಟಾಪ್ ಹುಡ್ಗನ್ನ, ನನ್ ಮಗ ಅಲ್ಲ, ನನ್ ಮಗ ಸೆಕೆಂಡ್ ಬೇಸ್, ಮೂರು ವಾರಾಂತ್ಯ ಹೀಗೆ ನೋಡ್ದೆ. ಹನ್ನೊಂದು ತಪ್ಪು. ಅದರಲ್ಲಿ ಓಡಿ ಹೋಗಿ ಹಿಡೀಬೇಕಾದ ಕಷ್ಟದ್ದು ಎರಡೇ. ಉಳಿದ ಒಂಬತ್ತೂ ನೇರ ಬಂದಿದ್ದು ಇಲ್ಲಾ ಎರಡ್ ಹೆಜ್ಜೆ ಒಳಗಿಂದು. ಆ ಒಂಬತ್ತರಲ್ಲಿ ನಾಲ್ಕು ಹಿಡಿಯುವಾಗ, ಐದು ಎಸೆಯುವಾಗ. ಇಷ್ಟು ಕೈಗೆ ಸಿಕ್ಕ ಮೇಲೆ ಹುಡುಕೋಕೆ ಒಂದು ದಾರಿ ಆಯ್ತು.

ಲಕ್ಷಣ: ಪಕ್ಕಕ್ಕೆ ಬಂದಿದ್ದು ಹಿಡೀತಾನೆ, ನೇರ ಬಂದಿದ್ದು ಬಿಡ್ತಾನೆ

ಮಾವ ಬೇಸಿಗೆಗೆ ಮೈಸೂರಿಂದ ಬಂದಿದ್ರು. ಬೇಸ್‌ಬಾಲ್ ರೂಲ್ ಒಂದೂ ಗೊತ್ತಿಲ್ಲ, ಆದ್ರೆ ಕಾಲೇಜ್ ಟೀಮಲ್ಲಿ ವಿಕೆಟ್ ಕೀಪರ್ ಆಗಿದ್ದೋರು. ಮಡಚೋ ಚೇರಲ್ಲಿ ಟೋಪಿ ಹಾಕ್ಕೊಂಡು ಕೂತು, ಚೌಚೌ ಡಬ್ಬಿ ತೊಡೆ ಮೇಲಿಟ್ಕೊಂಡು, ಮೂರನೇ ಇನ್ನಿಂಗ್ಸಲ್ಲಿ ಅಂದ್ರು, "ಅಳಿಯಂದ್ರೇ, ಆ ಹುಡ್ಗ ಬಾಲ್ ಹಾಕೋಕ್ ಮುಂಚೆ ಕುಣೀತಾನೆ, ಹಾಕೋ ಹೊತ್ತಿಗೆ ನಿಂತ್ಬಿಡ್ತಾನಲ್ರೀ."

"ಹಾಗೇನಿಲ್ಲ ಮಾವ, ಅದು ರೆಡಿ ಪೊಸಿಷನ್ನು."

"ಏನ್ ರೆಡಿನೋ. ಹಿಮ್ಮಡಿ ಮೇಲೆ ನಿಂತಿದಾನೆ ನೋಡಿ."

ನಾನು ನಂಬ್ಲಿಲ್ಲ, ಆದ್ರೂ ಫೋನಲ್ಲಿ ಸ್ಲೋ ಮೋಷನ್ ಹಾಕಿ ಒಂದು ಇನ್ನಿಂಗ್ಸ್ ಪೂರ್ತಿ ಅವನ ಕಾಲು ಮಾತ್ರ ಹಿಡಿದೆ. ಮಾವ ಹೇಳಿದ್ದೇ ಸರಿ. ಪಿಚರ್, ಅಂದ್ರೆ ಬ್ಯಾಟರ್‌ಗೆ ಬಾಲ್ ಹಾಕೋನು, ಕಾಲ್ ಎತ್ತಿದ ತಕ್ಷಣ ಇವನು ಒಂದು ಸಣ್ಣ ಹಾರು ಹಾರ್ತಾನೆ, ಇಳೀತಾನೆ, ಹಿಮ್ಮಡಿ ನೆಲಕ್ಕೆ ಊರತ್ತೆ, ಕೈ ಮಂಡಿ ಮೇಲೆ. ಬಾಲ್ ಬ್ಯಾಟ್ ಹತ್ರ ಬರೋ ಹೊತ್ತಿಗೆ ನೆಟ್ಟ ಗೂಟ. ಆ ಸಣ್ಣ ಹಾರಿಗೆ ಇಲ್ಲಿ ಪ್ರೆಪ್ ಸ್ಟೆಪ್ ಅಂತಾರೆ, ಟೆನಿಸಲ್ಲಿ ಸರ್ವ್ ತಗೊಳ್ಳೋರು ಹಾರ್ತಾರಲ್ಲ ಅದೇ. ಅದರ ಗುಟ್ಟೆಲ್ಲ ಹೊತ್ತಲ್ಲಿದೆ, ಬಾಲ್ ಬ್ಯಾಟರ್ ಮುಂದೆ ಬರೋ ಕ್ಷಣಕ್ಕೆ ಪಾದ ನೆಲ ಮುಟ್ಬೇಕು, ಭಾರ ಪಾದದ ಮುಂಭಾಗದಲ್ಲಿರ್ಬೇಕು. ಅರ್ಧ ಸೆಕೆಂಡ್ ಮುಂಚೆ ಇಳಿದ್ರೆ ಹಾರ್ದೇ ಇದ್ದಂಗೇ ಲೆಕ್ಕ.

ಈಗ ಒಗಟು ಬಿಡಿಸ್ಕೊಳ್ಳತ್ತೆ. ಪಕ್ಕಕ್ಕೆ ಬಂದ ಬಾಲಿಗೆ ಓಡ್ಲೇಬೇಕು, ಓಡೋದ್ರಿಂದ ಕಾಲ್ ತಾನಾಗೇ ಬಿಡ್ಸ್ಕೊಳ್ಳತ್ತೆ, ಪ್ರತಿಭೆ ಇರೋ ಹುಡ್ಗ, ಉಳಿದಿದ್ದನ್ನ ಕೈ ನೋಡ್ಕೊಳ್ಳತ್ತೆ. ನೇರ ಬಂದಿದ್ದಕ್ಕೆ ಓಡೋ ಅಗತ್ಯ ಇಲ್ಲ ಅನ್ಸತ್ತೆ, ಹಿಮ್ಮಡಿ ಊರಿ ನಿಂತಲ್ಲೇ ಕಾಯ್ತಾನೆ, ಬಾಲ್ ತನಗೆ ಇಷ್ಟ ಬಂದ ಕಡೆ ಪುಟಿಯತ್ತೆ. ಇದು ನೋಡೋರಿಗೆ ಥೇಟ್ ಸೋಮಾರಿತನದ ಥರಾನೇ ಕಾಣತ್ತೆ.

ರಿಪೇರಿ ಸುಲಭ, ಬೇಜಾರಿನದ್ದು. ಬಾಲೇ ಬೇಡ, ಪಿಚರ್ ಹಾಕೋ ಹಾಗೆ ಮಾಡ್ಲಿ, ಬ್ಯಾಟರ್ ಬೀಸೋ ಹಾಗೆ ಮಾಡ್ಲಿ, ನಾಲ್ಕು ಇನ್‌ಫೀಲ್ಡರೂ ಸರಿಯಾದ ಹೊತ್ತಿಗೆ ಇಳೀಬೇಕು, ದಿನಕ್ಕೆ ಇಪ್ಪತ್ತು ಸಲ. ಆಮೇಲೆ ನಿಜವಾದ ಬಾಲ್. ನಮ್ಮೋನಿಗೆ ಎರಡು ವಾರ ಹಿಡೀತು.

ಲಕ್ಷಣ: ಹಾಪ್ ತಪ್ಪು ಸಿಗ್ತಿದೆ

ಇದು ಮೇಲಿಂದರ ತಮ್ಮ. ಹಾಪ್ ಅಂದ್ರೆ ಬಾಲ್ ನೆಲಕ್ಕೆ ಬಡಿದು ಏಳೋ ಪುಟ. ನೆಲಕ್ಕೆ ಬಡಿದು ಬರೋ ಬಾಲಲ್ಲಿ ಹಿಡಿಯೋಕೆ ಎರಡು ಒಳ್ಳೇ ಜಾಗ, ಒಂದು ನೆಲ ಬಿಟ್ಟ ತಕ್ಷಣ ಮೂಗಿನ ಮುಂದೇನೇ, ಅದು ಶಾರ್ಟ್ ಹಾಪ್, ಇನ್ನೊಂದು ಪುಟಿದು ಮೇಲೆ ಹೋಗಿ ಇಳಿಯೋವಾಗ. ಮಧ್ಯದ್ದು, ಏರ್ತಾ ಇರುವಾಗ ಎದೆಗೆ ಬರೋದು, ಅದು ಶನಿ. ನಿಂತಲ್ಲೇ ಕಾಯೋನಿಗೆ ಬರೀ ಮಧ್ಯದ್ದೇ ಸಿಗತ್ತೆ, ಯಾಕಂದ್ರೆ ಹಾಪ್ ಆರಿಸ್ಕೊಳ್ಳೋದು ಕಾಲು, ಕೈ ಅಲ್ಲ. ಒಂದ್ ಹೆಜ್ಜೆ ಮುಂದಕ್ಕೋ ಅರ್ಧ ಹೆಜ್ಜೆ ಹಿಂದಕ್ಕೋ ಹಾಕಿ ಬಾಲ್ ಜೊತೆ ಚೌಕಾಸಿ ಮಾಡ್ಬೇಕು.

ಜೊತೆಗೆ ಗ್ಲವ್ ನೋಡಿ. ಮೇಲಿಂದ ಕೆಳಗೆ ಬಡೀತಾನಾ, ಕೆಳಗಿಂದ ಮೇಲೆ ಬರ್ತಾನಾ? ಕೆಳಗೇ ಇಟ್ಟಿದ್ರೆ ಮೇಲಕ್ಕೆ ತರೋದು ಸುಲಭ, ಮೇಲಿಟ್ಟು ಕೆಳಗೆ ಹಾಕೋ ಹೊತ್ತಿಗೆ ಬಾಲ್ ಔಟ್‌ಫೀಲ್ಡಲ್ಲಿ. ಇದನ್ನ ಕಲಿಯೋಕೆ ವಯಸ್ಸಿನ ಹಂಗಿಲ್ಲ. 1986ರ ವರ್ಲ್ಡ್ ಸೀರೀಸ್, ಅಂದ್ರೆ ವರ್ಷದ ಫೈನಲ್ ಸರಣಿ, ಅದರ ಆರನೇ ಆಟದಲ್ಲಿ ಬಾಸ್ಟನ್ ಟೀಮಿನ ಫಸ್ಟ್ ಬೇಸ್‌ಮನ್ ಬಿಲ್ ಬಕ್ನರ್ ಕಾಲ್ ಮಧ್ಯೆ ಹೋದ ಬಾಲ್ ಇವತ್ತಿಗೂ ಟಿವಿಯಲ್ಲಿ ಹಾಕ್ತಾರೆ, ಅವನಿಗೆ ಆಗ ಮೂವತ್ತಾರು ವರ್ಷ, ಪಾದದ ಕೀಲು ಎರಡೂ ಕೆಟ್ಟು ಕೂತಿದ್ವು, ಅವನಿಗೆ ಶ್ರದ್ಧೆ ಇರ್ಲಿಲ್ಲ ಅಂತ ಯಾರಾದ್ರೂ ಅಂದ್ರೆ ನಾನು ಜಗಳಕ್ಕೇ ಬರ್ತೀನಿ.

ಇದಕ್ಕೆ ಮದ್ದು ದೊಡ್ಡೋರ ಲೀಗಿನ ಕೋಚ್ ರಾನ್ ವಾಷಿಂಗ್ಟನ್ ಮಾಡಿಸೋ ಅಭ್ಯಾಸ. ಆಟಗಾರನ್ನ ಮಂಡಿ ಮೇಲೆ ಕೂರ್ಸಿ, ಕೆಲವೇ ಅಡಿ ದೂರದಿಂದ ಶಾರ್ಟ್ ಹಾಪ್ ಮೇಲೆ ಶಾರ್ಟ್ ಹಾಪ್ ಹೊಡೀತಾರೆ, ಕೈಗೆ ಒಂದು ಸಣ್ಣ ಚಪ್ಪಟೆ ಗ್ಲವ್ ಕೊಟ್ಟು. ಮಂಡಿ ಊರಿದ್ರೆ ಕಾಲಿನ ನೆಪ ಹೋಯ್ತು, ಕೈ ಒಂದೇ ಉಳೀತು, ಒಂದೊಂದೇ ಭಾಗ ಬಿಡಿಸಿ ಟೆಸ್ಟ್ ಮಾಡೋದು ಅಂದ್ರೆ ಇದೇ. ಓಕ್ಲೆಂಡಲ್ಲಿ ಅವರ ಕೈ ಕೆಳಗೆ ಥರ್ಡ್ ಬೇಸ್ ಆಡಿದ ಎರಿಕ್ ಚಾವೆಜ್ ಆರು ಗೋಲ್ಡ್ ಗ್ಲವ್, ಅಂದ್ರೆ ಒಳ್ಳೇ ಫೀಲ್ಡರ್‌ಗೆ ಕೊಡೋ ಪ್ರಶಸ್ತಿ, ಗೆದ್ದ, ಅದರಲ್ಲಿ ಒಂದನ್ನ ನೀವಿಲ್ದೇ ಇದು ಆಗ್ತಿರ್ಲಿಲ್ಲ ಅನ್ನೋ ಅರ್ಥದಲ್ಲಿ ಬರ್ದು ಅವರಿಗೇ ಕೊಟ್ಬಿಟ್ಟ. 2015ರಲ್ಲಿ ಮಾರ್ಕಸ್ ಸೆಮಿಯನ್ ಅದೇ ಓಕ್ಲೆಂಡಿಗೆ ಶಾರ್ಟ್‌ಸ್ಟಾಪಲ್ಲಿ 35 ಎರರ್ ಮಾಡ್ದ, ವಾಷಿಂಗ್ಟನ್ ಆ ವರ್ಷ ಮಧ್ಯದಲ್ಲಿ ಬಂದು ದಿನಾ ಹಿಡ್ಕೊಂಡ್ರು, ಮುಂದಿನ ವರ್ಷ 21. ಮ್ಯಾಜಿಕ್ ಏನಿಲ್ಲ, ದಿನಾ ಮಂಡಿ ಮೇಲೆ.

ಲಕ್ಷಣ: ಹಿಡಿದ, ಆದ್ರೆ ಎಸೆದಿದ್ದು ಎತ್ಲಾಗೋ ಹೋಯ್ತು

ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅಂತಾರಲ್ಲ, ಅದು. ಮೊದ್ಲು ಸಣ್ಣ ಸಣ್ಣ ಕಾರಣ ನೋಡ್ಬಿಡಿ. ಬಾಲ್ ಹಿಡಿಯೋ ರೀತಿ, ಬೆರಳು ಹೊಲಿಗೆಗೆ ಅಡ್ಡ ಬರ್ಬೇಕು, ಹಾಗಿದ್ರೆ ನೇರ ಹೋಗತ್ತೆ, ಇಲ್ದಿದ್ರೆ ಗಾಳಿಯಲ್ಲಿ ಓಲಾಡತ್ತೆ. ಗ್ಲವ್‌ನಿಂದ ತಗೊಳ್ಳೋದು ಎದೆ ಮುಂದೆ ಆಗ್ಬೇಕು, ಹೊಟ್ಟೆ ಹತ್ರ ಅಲ್ಲ. ಕಾಲು ಫಸ್ಟ್ ಬೇಸ್ ಕಡೆ ತಿರುಗಿದ್ಯಾ ನೋಡಿ, ಬ್ಯಾಟರ್ ಓಡಿ ಅಲ್ಲಿಗೆ ತಲುಪೋಕ್ ಮುಂಚೆ ಬಾಲ್ ತಲುಪಿದ್ರೇನೇ ಔಟ್.

ಇನ್ನು ಚೆನ್ನಾಗಿ ಆಡೋ ಹುಡುಗ್ರಿಗೆ ಮಾತ್ರ ಬರೋ ರೋಗ ಒಂದಿದೆ, ಟೈಮ್ ಜಾಸ್ತಿ ಇರೋದು. ದೊಡ್ಡೋರ ಆಟದಲ್ಲಿ ಬಲಗೈ ಬ್ಯಾಟರ್ ಫಸ್ಟ್ ಬೇಸ್ ತಲುಪೋಕೆ ಸುಮಾರು 4.3 ಸೆಕೆಂಡ್ ತಗೋತಾನೆ, ಶಾರ್ಟ್‌ಸ್ಟಾಪಿಗೆ ಉಸಿರಾಡೋಕೂ ಪುರುಸೊತ್ತಿಲ್ಲ. ನಮ್ಮ ಮಕ್ಕಳ ಮೈದಾನದಲ್ಲಿ ಬೇಸಿಂದ ಬೇಸಿಗೆ 60 ಅಡಿ, ದೊಡ್ಡೋರದ್ದು 90. ಕೈಯಲ್ಲಿ ಶಕ್ತಿ ಇರೋ ಹುಡ್ಗನಿಗೆ 60 ಅಡಿ ಮೈದಾನ ಅಂದ್ರೆ ಮನೆ ಹಜಾರ. ಹಿಡೀತಾನೆ, ನೋಡ್ತಾನೆ, ಗ್ಲವ್‌ಗೆ ಬಾಲನ್ನ ಎರಡ್ ಸಲ ತಟ್ತಾನೆ, ಕಾಲ್ ನಿಲ್ಲತ್ತೆ, ಕೈ ಮಾತ್ರ ಎಸೆಯತ್ತೆ, ಅದು ಬೇಲಿಗೆ. ಅವಸರದಲ್ಲಿ ಎಸೆದಿದ್ದು ಒಂದೂ ತಪ್ಪಿಲ್ಲ ಅಂತ ನಿಮ್ಮ ನೋಟ್‌ಬುಕ್ ಹೇಳಿದ್ರೆ ಇದೇ ಅಂತ ಇಟ್ಕೊಳ್ಳಿ. ಪ್ರಾಕ್ಟೀಸಲ್ಲಿ ಸ್ಟಾಪ್‌ವಾಚ್ ಹಿಡೀರಿ, ಹಿಡಿಯೋದು, ಎರಡ್ ಹೆಜ್ಜೆ, ಎಸೆಯೋದು, ಎಲ್ಲಾ ಬಾಲಿಗೂ ಒಂದೇ ತಾಳ, ರನ್ನರ್ ಬಿದ್ದಿದ್ರೂ ಸರಿ.

ಹೀಗೆ ನಾನು ಅವನಿಗೆ ತಾಳ ಕಲಿಸ್ತಾ ಕಲಿಸ್ತಾ ಮೂರು ಪ್ರಾಕ್ಟೀಸ್ ಕಳೆದೆ, ಆದ್ರೂ ಆಟದಲ್ಲಿ ಮಾತ್ರ ಅವನು ಬಾಲ್ ತಟ್ಟೋದು ನಿಲ್ಲಿಸ್ಲಿಲ್ಲ. ಕೊನೆಗೆ ಒಂದಿನ ಕೇಳ್ದೆ, ಯಾಕಪ್ಪಾ ಕಾಯ್ತೀಯ ಅಂತ. ಅವನು ಭುಜ ಕುಣಿಸಿ ಅಂದ, "ಕೋಚ್, ಅಲ್ಲಿ ಯಾರೂ ಇರಲ್ವಲ್ಲ." ನಾನು ವಿಡಿಯೋ ಮತ್ತೆ ತೆಗೆದೆ, ಈ ಸಲ ಫಸ್ಟ್ ಬೇಸ್ ಕಡೆ ನೋಡ್ದೆ. ನಮ್ಮ ಫಸ್ಟ್ ಬೇಸ್ ಹುಡ್ಗ ಎತ್ತರದೋನು, ಒಳ್ಳೇ ಬ್ಯಾಟರ್, ಬೇಸಿಂದ ತುಂಬ ದೂರ ಹಿಂದೆ ನಿಲ್ತಾನೆ, ಬಾಲ್ ಹೊಡೆದ ಮೇಲೆ ಮೊದ್ಲು ನಿಂತು ನೋಡ್ತಾನೆ, ಆಮೇಲೆ ಓಡಿ ಬರ್ತಾನೆ. ಶಾರ್ಟ್‌ಸ್ಟಾಪ್ ಬಾಲ್ ಹಿಡಿದು ತಲೆ ಎತ್ತಿದಾಗ ಬೇಸ್ ಮೇಲೆ ಗುರಿನೇ ಇಲ್ಲ. ಇವನು ಕಾಯ್ತಾನೆ, ಕಾಯೋವಾಗ ಕಾಲ್ ನಿಲ್ಲತ್ತೆ. ಐದು ಎಸೆತದಲ್ಲಿ ನಾಲ್ಕು ಹೀಗೇ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು ನಮ್ಮ ಕೆಲಸ, ಸ್ಕೋರ್‌ಬುಕ್ಕಲ್ಲಿ ಎಲ್ಲಾ ಇ-6, ಬರೆ ಪೂರ್ತಿ ಇವನಿಗೆ. ಫಸ್ಟ್ ಬೇಸ್ ಹುಡ್ಗನ್ನ ನಾಲ್ಕ್ ಹೆಜ್ಜೆ ಹತ್ರ ತಂದು, ಬ್ಯಾಟ್ ಸದ್ದಾದ ತಕ್ಷಣ ಬೇಸಿಗೆ ಓಡು, ನೋಡೋದು ಆಮೇಲೆ ಅಂತ ಹೇಳಿದ್ವಿ. ತಟ್ಟೋದು ಒಂದೇ ವಾರದಲ್ಲಿ ನಿಲ್ತು.

ಹಾಗಾಗಿ ನನ್ನ ರೂಲು, ಎಸೆತದ ತಪ್ಪು ಬಂದ್ರೆ ಎಸೆದೋನ ಜೊತೆ ಹಿಡಿಯೋನ್ನೂ ವಿಡಿಯೋ ತೆಗೀರಿ.

ಲಕ್ಷಣ: ಬಾಲ್ ಬಂದಾಗ ಅವನು ಅಲ್ಲಿ ಇರ್ಲೇ ಇಲ್ಲ

ಈಗ ನಿಜವಾದ ಫೋಕಸ್ ವಿಷಯ. ಇದಕ್ಕೆ ಸ್ಟಾರ್ಲಿನ್ ಕ್ಯಾಸ್ಟ್ರೋಗಿಂತ ಒಳ್ಳೇ ಕೇಸ್ ಇಲ್ಲ. ಡೊಮಿನಿಕನ್ ಹುಡ್ಗ, 2010 ಮೇನಲ್ಲಿ ಇಪ್ಪತ್ತನೇ ವಯಸ್ಸಿಗೆ ಶಿಕಾಗೋ ಕಬ್ಸ್ ಶಾರ್ಟ್‌ಸ್ಟಾಪ್ ಆದ, ಮೊದಲ ಆಟದಲ್ಲೇ ಆರು ರನ್ ಹೊಡೆಸ್ದ, ಮೂರು ದಿನ ಬಿಟ್ಟು ಟೀಮಿನ ಸ್ವಂತ ಮೈದಾನ ರಿಗ್ಲಿ ಫೀಲ್ಡಲ್ಲಿ ಮೊದಲ ಆಟ, ಮೂರು ಎರರ್. 2011ರಲ್ಲಿ 207 ಹಿಟ್, ಅಂದ್ರೆ ಬಾಲ್ ಹೊಡೆದು ಬೇಸ್ ತಲುಪಿದ್ದು, ನ್ಯಾಷನಲ್ ಲೀಗಿಗೇ ಮೊದಲು, ಜೊತೆಗೆ 29 ಎರರ್. ಆ ಆಗಸ್ಟಲ್ಲಿ ಭಾನುವಾರ ರಾತ್ರಿ ದೇಶವೆಲ್ಲ ನೋಡೋ ಟಿವಿ ಆಟದಲ್ಲಿ ಕ್ಯಾಮೆರಾ ಹಿಡೀತು, ಪಿಚರ್ ಬಾಲ್ ಹಾಕ್ತಿದಾನೆ, ಕ್ಯಾಸ್ಟ್ರೋ ಬ್ಯಾಟರ್‌ಗೆ ಬೆನ್ನು ಹಾಕಿ ಔಟ್‌ಫೀಲ್ಡ್ ಕಡೆ ನೋಡ್ಕೊಂಡು ನಿಂತಿದಾನೆ. ಕಾಮೆಂಟರಿಯಲ್ಲಿದ್ದ ಬಾಬಿ ವ್ಯಾಲೆಂಟೈನ್ ಬಿಡ್ಲಿಲ್ಲ, ಮಾರನೇ ದಿನ ಮ್ಯಾನೇಜರ್ ಅವನನ್ನ ಬೆಂಚಲ್ಲಿ ಕೂರ್ಸಿದ್ರು. ಸರಿ ಹೋಯ್ತಾ? 2012 ಜೂನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಷ್ಟು ಔಟ್ ಅಂತ ಮರೆತು, ಡಬಲ್ ಪ್ಲೇ, ಅಂದ್ರೆ ಒಂದೇ ಬಾಲಲ್ಲಿ ಎರಡು ಔಟ್, ಮಾಡ್ಬೇಕಾದ ಕಡೆ ಇನ್ನಿಂಗ್ಸ್ ಮುಗೀತು ಅಂತ ನಡ್ಕೊಂಡು ಹೊರಟ. 2013ರಲ್ಲಿ ಒಂದು ಪಾಪ್, ಅಂದ್ರೆ ಮೇಲಕ್ಕೆ ಎದ್ದ ಬಾಲ್, ಹಿಡಿದು ತಲೆ ತಗ್ಗಿಸ್ಕೊಂಡು ನಿಂತ, ಥರ್ಡ್ ಬೇಸಿಂದ ರನ್ನರ್ ಹೋಮ್ ಬೇಸಿಗೆ ಓಡಿ ರನ್ ಮಾಡ್ಬಿಟ್ಟ, ಮತ್ತೆ ಬೆಂಚು. ಬೆಂಚು ಅನ್ನೋದು ಸ್ಕೂಟರ್‌ಗೆ ಒದೆಯೋದು, ಒಂದೊಂದ್ ಸಲ ಸ್ಟಾರ್ಟ್ ಆಗತ್ತೆ, ಪ್ಲಗ್ ಮಾತ್ರ ಹಾಗೇ ಇರತ್ತೆ. ಅದೇ ಕ್ಯಾಸ್ಟ್ರೋ ನಾಲ್ಕು ಸಲ ಆಲ್‌ಸ್ಟಾರ್ ಆದ, ಅದನ್ನೂ ಹೇಳ್ಬೇಕಲ್ಲ.

ಫೋಕಸ್ ಅಂದ್ರೆ ಎರಡು ಗಂಟೆ ಕಣ್ಣು ಮಿಟುಕಿಸ್ದೇ ನಿಲ್ಲೋದು ಅಂತ ಮಕ್ಕಳು ಅನ್ಕೊಂಡಿರ್ತಾರೆ, ಕೋಚುಗಳೂ. ಆರು ಇನ್ನಿಂಗ್ಸಿನ ಆಟದಲ್ಲಿ ನಮ್ಮ ಪಿಚರ್‌ಗಳು ನೂರರ ಆಸುಪಾಸು ಬಾಲ್ ಹಾಕ್ತಾರೆ, ಶಾರ್ಟ್‌ಸ್ಟಾಪಿಗೆ ಬರೋದು ಮೂರೋ ನಾಲ್ಕೋ. ಎಲ್ಲಾ ಬಾಲಿಗೂ ಒಂದೇ ಉರಿಯಲ್ಲಿ ಕುದೀತಾ ನಿಂತ್ರೆ ಐದನೇ ಇನ್ನಿಂಗ್ಸಿಗೆ ಪಾತ್ರೆ ತಳ ಹಿಡೀತು. ನಮ್ಮ ದ್ರಾವಿಡ್ ಟೆಸ್ಟಲ್ಲಿ 210 ಕ್ಯಾಚ್ ಹಿಡಿದ್ರು, ಹೆಚ್ಚಿನದೆಲ್ಲ ಸ್ಲಿಪ್ಪಲ್ಲಿ. ದಿನಕ್ಕೆ ತೊಂಬತ್ತು ಓವರ್ ಸ್ಲಿಪ್ಪಲ್ಲಿ ನಿಲ್ಲೋ ಯಾರಿಗಾದ್ರೂ ಇದು ಗೊತ್ತು, ಬಾಲ್ ಬಾಲ್ ಮಧ್ಯೆ ಬಿಡ್ಬೇಕು, ಬೌಲರ್ ಓಡಿ ಬರುವಾಗ ಮತ್ತೆ ಹಿಡೀಬೇಕು. ತಪ್ಪು ಬರೋದು ಬಿಟ್ಟಿದ್ದರಿಂದ ಅಲ್ಲ, ಮತ್ತೆ ಹಿಡಿಯೋ ಗಂಟೆ ಬಾರಿಸ್ದೇ ಇದ್ದಿದ್ದರಿಂದ.

ನಾವು ಆ ಗಂಟೆ ಹೀಗೆ ಕಟ್ಟಿದ್ವಿ. ಬಾಲ್ ಸತ್ತ ಮೇಲೆ ಒಂದೆರಡು ಹೆಜ್ಜೆ ಹಿಂದೆ ಹೋಗು, ಮಣ್ಣು ಒದಿ, ಆಕಾಶ ನೋಡು, ಏನ್ ಬೇಕಾದ್ರೂ ಯೋಚ್ನೆ ಮಾಡು. ಪಿಚರ್ ಬಾಲ್ ಹಾಕೋ ಜಾಗದ ಪಟ್ಟಿ ಮೇಲೆ ಕಾಲಿಟ್ಟ ತಕ್ಷಣ ಒಳಗೆ ಬಾ, ಬೆರಳಲ್ಲಿ ಔಟ್ ತೋರ್ಸು, ಬಾಯಿಬಿಟ್ಟು ಹೇಳು, ಬಾಲ್ ನನಗೆ ಬಂದ್ರೆ ಎಲ್ಲಿಗೆ. ಜೊತೆಗೆ ಫಸ್ಟ್ ಬೇಸಲ್ಲಿ ರನ್ನರ್ ಇದ್ರೆ ಶಾರ್ಟ್‌ಸ್ಟಾಪೂ ಸೆಕೆಂಡ್ ಬೇಸೂ ಗ್ಲವ್ ಮರೆಯಲ್ಲಿ ಬಾಯಲ್ಲೇ ಸನ್ನೆ ಮಾಡ್ಕೋತಾರೆ, ಬಾಯಿ ಮುಚ್ಚಿದ್ರೆ ಬೇಸಿಗೆ ನಾನ್ ಹೋಗ್ತೀನಿ, ತೆರೆದ್ರೆ ನೀನ್ ಹೋಗು, ಇದು ದೊಡ್ಡೋರ ಆಟದ್ದೇ ಪದ್ಧತಿ. ಮಕ್ಕಳಿಗೆ ಇದೊಂದು ಗುಟ್ಟಿನ ಆಟ, ಸನ್ನೆ ಕೊಡ್ಲೇಬೇಕು ಅಂದ್ರೆ ತಲೆ ತಾನಾಗೇ ಒಳಗೆ ಬರತ್ತೆ. "ಫೋಕಸ್" ಅಂತ ಕೂಗಿದ್ರೆ ಹುಡ್ಗ ಕೂಗಿದೋನ ಕಡೆ ತಿರುಗ್ತಾನೆ, ಬಾಲ್ ಕಡೆ ಅಲ್ಲ. "ಎಷ್ಟ್ ಔಟ್?" ಅಂತ ಕೇಳಿ, ಉತ್ರ ಹೇಳೋಕಾದ್ರೂ ಆಟ ನೋಡ್ಬೇಕು.

ತಲೆ ಬಿಟ್ಟು ಮೈ ನೋಡಿ

ಇದನ್ನ ನಾನು ಮೊದ್ಲು ಬರೀಬೇಕಿತ್ತು. ನನ್ ಮಗ ಹತ್ತನೇ ವಯಸ್ಸಲ್ಲಿ ಒಂದು ಸೀಸನ್ ಪೂರ್ತಿ ಸಂಜೆ ಆಟದಲ್ಲಿ ಬಾಲ್ ಬಿಟ್ಟ. ಬೆಳಿಗ್ಗೆ ಆಟ ಚೆನ್ನಾಗೇ ಆಡ್ತಿದ್ದ, ಲೈಟ್ ಹಾಕಿದ್ ಮೇಲೆ ಹಾಳು. ಸುಸ್ತು, ಸ್ಕೂಲ್ ಆದ್ಮೇಲೆ ಗಮನ ಇರಲ್ಲ ಅಂತ ಕಾರಲ್ಲಿ ದಾರಿಯುದ್ದಕ್ಕೂ ಭಾಷಣ ಕೊಟ್ಟೆ. ಕೊನೆಗೆ ಸ್ಕೂಲಲ್ಲಿ ಮಾಮೂಲಿ ಕಣ್ ಟೆಸ್ಟ್ ಮಾಡಿ ಚೀಟಿ ಕಳಿಸಿದ್ರು, ದೂರದ್ದು ಕಾಣ್ತಿರ್ಲಿಲ್ಲ ಅವನಿಗೆ, ಬೆಳಕು ಕಮ್ಮಿ ಆದ್ರೆ ಇನ್ನೂ ಕಷ್ಟ. ಕನ್ನಡಕ ಹಾಕ್ಕೊಂಡು ಮೈದಾನಕ್ಕೆ ಇಳಿದ ಮೊದಲ ದಿನ "ಅಪ್ಪಾ, ಬಾಲ್ ಮೇಲೆ ಕೆಂಪು ಹೊಲಿಗೆ ಇದೆ" ಅಂದ. ನನ್ ಹೆಂಡ್ತಿ ನನ್ ಮುಖ ನೋಡಿದ್ದು ಇನ್ನೂ ನೆನಪಿದೆ. ನೋಟ್‌ಬುಕ್ಕಲ್ಲಿ ಹೊತ್ತು ಬರೀರಿ ಅಂದಿದ್ದು ಅದಕ್ಕೇ.

ಉಳಿದಿದ್ದು ಬೇಗ ಹೇಳ್ತೀನಿ. ಹನ್ನೆರಡರಿಂದ ಹದಿನಾಲ್ಕರಲ್ಲಿ ಹುಡುಗ್ರು ಬಳ್ಳಿ ಥರ ಬೆಳೀತಾರೆ, ಕಾಲು ಉದ್ದ ಆಗಿರತ್ತೆ, ತಲೆಗೆ ಆ ಸುದ್ದಿ ಇನ್ನೂ ತಲುಪಿರಲ್ಲ, ಹೋದ ವರ್ಷ ಆಗ್ತಿದ್ದು ಈ ವರ್ಷ ಆಗಲ್ಲ, ಕಾಯ್ಬೇಕು. ಅದೇ ವಯಸ್ಸಲ್ಲಿ ಮೈದಾನಾನೂ 60 ಅಡಿಯಿಂದ 80ಕ್ಕೋ 90ಕ್ಕೋ ಹಾರತ್ತೆ, ಎರಡೂ ಒಟ್ಟಿಗೆ ಬಂದ್ರೆ ಎಂಥ ಹುಡ್ಗನೂ ಅನಾಥನ ಥರ ಕಾಣ್ತಾನೆ. ಎಸೆತ ದಿಢೀರ್ ಕೆಟ್ರೆ ಮೊಣಕೈ, ಭುಜ ನೋವಿದ್ಯಾ ಕೇಳಿ, ಹುಡುಗ್ರು ಬಚ್ಚಿಡ್ತಾರೆ, ನೋವಿದ್ರೆ ಡ್ರಿಲ್ ಅಲ್ಲ, ಡಾಕ್ಟರು. ಟೆಕ್ಸಸ್ ಜುಲೈ ಬಿಸಿಲಲ್ಲಿ ದಿನಕ್ಕೆ ಮೂರು ಆಟ ಆಡಿದ ಮೇಲೆ ಕೊನೇ ಆಟದ ತಪ್ಪನ್ನ ಲೆಕ್ಕಕ್ಕೆ ಹಿಡೀಲೇಬೇಡಿ. ಗ್ಲವ್ ದೊಡ್ಡದಾಗಿದ್ರೆ ಬಾಲ್ ಅದರಲ್ಲಿ ಕಳೆದು ಹೋಗತ್ತೆ, ಬೆಳೀತಾನೆ ಅಂತ ಅಣ್ಣನ ಅಳತೆ ಶರ್ಟ್ ತರೋ ನಮ್ಮ ಬುದ್ಧಿ ಇಲ್ಲಿ ಬೇಡ. ಮೈದಾನ ಕೊನೆಗೆ ನೋಡಿ, ಹುಲ್ಲೂ ಮಣ್ಣೂ ಸೇರೋ ಅಂಚು ಎದ್ದಿದ್ರೆ ಬಾಲ್ ಮುಖಕ್ಕೆ ಬರತ್ತೆ ನಿಜ, ಆದ್ರೆ ಕುಣಿಯಲಾರದೋಳು ನೆಲ ಡೊಂಕು ಅಂದ ಹಾಗೆ ಆಗ್ದೇ ಇರ್ಲಿ, ಎದುರು ಟೀಮಿನ ಶಾರ್ಟ್‌ಸ್ಟಾಪಿಗೂ ಅದೇ ನೆಲ.

ಲಕ್ಷಣ: ಪ್ರಾಕ್ಟೀಸಲ್ಲಿ ಸರಿ, ಹತ್ರದ ಎಸೆತ ಮಾತ್ರ ಆಗ್ತಿಲ್ಲ, ಮುಖ ಬಿಳಿಚಿಕೊಂಡಿದೆ

ಇಲ್ಲಿ ಕೈ ಹಾಕ್ಬೇಡಿ. ಇದಕ್ಕೆ ಯಿಪ್ಸ್ ಅಂತಾರೆ. ಚಕ್ ನಾಬ್ಲಾಕ್ 1997ರಲ್ಲಿ ಗೋಲ್ಡ್ ಗ್ಲವ್ ಗೆದ್ದ ಸೆಕೆಂಡ್ ಬೇಸ್‌ಮನ್, ನ್ಯೂಯಾರ್ಕ್ ಯಾಂಕೀಸ್ ಟೀಮಿಗೆ ಬಂದ ಮೇಲೆ ಫಸ್ಟ್ ಬೇಸಿಗೆ, ಅಷ್ಟು ಹತ್ರಕ್ಕೆ, ಎಸೆಯೋಕಾಗ್ದೇ ಹೋಯ್ತು, 2000ದಲ್ಲಿ ಅವನ ಎಸೆತ ಸ್ಟ್ಯಾಂಡಿಗೆ ಹೋಗಿ ಒಬ್ಬ ಹೆಂಗಸಿನ ಮುಖಕ್ಕೆ ಬಡೀತು, ಮುಂದಿನ ವರ್ಷ ಲೆಫ್ಟ್ ಫೀಲ್ಡಿಗೆ ಹೋದ. ಸ್ಟೀವ್ ಸ್ಯಾಕ್ಸ್ ಅನ್ನೋ ಇನ್ನೊಬ್ಬ ಸೆಕೆಂಡ್ ಬೇಸ್‌ಮನ್ 1982ರ ರೂಕಿ ಆಫ್ ದಿ ಇಯರ್, ಅಂದ್ರೆ ವರ್ಷದ ಒಳ್ಳೇ ಹೊಸಬ, 1983ರಲ್ಲಿ 30 ಎರರ್, ಆದ್ರೆ ಅವನು ಅದೇ ಜಾಗದಲ್ಲಿ ಆಡ್ತಾನೇ ಹೊರಗೆ ಬಂದ. ಇಬ್ರಲ್ಲಿ ಯಾರಿಗೂ ಪ್ರಯತ್ನ ಕಮ್ಮಿ ಇರ್ಲಿಲ್ಲ, ಪ್ರಯತ್ನ ಜಾಸ್ತಿ ಆಗಿದ್ದೇ ತೊಂದ್ರೆ. ಕೂಗಾಟ ನಿಲ್ಸಿ, ಆ ಎಸೆತದ ಬಗ್ಗೆ ಮಾತೇ ನಿಲ್ಸಿ, ಸ್ವಲ್ಪ ದಿನ ಬೇರೆ ಜಾಗ ಕೊಡಿ, ವಾರಗಟ್ಲೆ ಹೋಗ್ದಿದ್ರೆ ಆಟದ ಮನಶ್ಶಾಸ್ತ್ರ ತಿಳಿದೋರ ಹತ್ರ ಕರ್ಕೊಂಡ್ ಹೋಗಿ.

ಎಲ್ಲಾ ಆದ್ಮೇಲೆ ಎಫರ್ಟ್

ಪ್ರಯತ್ನ ಇದ್ಯೋ ಇಲ್ವೋ ಅನ್ನೋದನ್ನ ಬಿಟ್ಟ ಬಾಲಲ್ಲಿ ಹುಡುಕ್ಬೇಡಿ. ಬಾಲ್ ಅವನ ಹತ್ರ ಬರ್ದೇ ಇರೋವಾಗ ನೋಡಿ. ಬೇರೆಯೋರ ಎಸೆತಕ್ಕೆ ಹಿಂದೆ ಓಡಿ ಹೋಗಿ ಕಾವಲು ನಿಲ್ತಾನಾ, ಔಟ್‌ಫೀಲ್ಡಿಂದ ಬರೋ ಬಾಲಿಗೆ ಮಧ್ಯೆ ಬಂದು ಕೈ ಎತ್ತಿ ಕೂಗ್ತಾನಾ, ಇನ್ನಿಂಗ್ಸ್ ಮುಗಿದಾಗ ಓಡ್ತಾನಾ ಕಾಲೆಳೀತಾನಾ. ಇದಕ್ಕೆ ಪ್ರತಿಭೆ ಬೇಡ, ಮನಸ್ಸು ಸಾಕು. ಇದೆಲ್ಲ ಮಾಡೋ ಹುಡ್ಗ ಎಷ್ಟೇ ಎರರ್ ಮಾಡಿದ್ರೂ ಅವನದ್ದು ಕಲಿಯೋ ತಪ್ಪು. ಮುಂದೆ ಯಾಂಕೀಸ್ ಶಾರ್ಟ್‌ಸ್ಟಾಪ್ ಆದ ಡೆರೆಕ್ ಜೀಟರ್ 1993ರಲ್ಲಿ ಗ್ರೀನ್ಸ್‌ಬರೋ ಅನ್ನೋ ಊರಿನ ಕೆಳ ಲೀಗ್ ಟೀಮಲ್ಲಿ ಒಂದೇ ಸೀಸನ್ನಲ್ಲಿ 56 ಎರರ್ ಮಾಡ್ದ, ಆಮೇಲೆ ಐದು ಗೋಲ್ಡ್ ಗ್ಲವ್ ಬಂತು. ಅವನಿಗೆ ಆ ಐದೂ ಸಲ್ಬೇಕಿತ್ತಾ ಅಂತ ಲೆಕ್ಕದ ಮಂದಿ ಇವತ್ತಿಗೂ ಕಿತ್ತಾಡ್ತಾರೆ, ಅದು ಬೇರೆ ಕಥೆ.

ಕಾಲೆಳೀತಾನೆ ಅನ್ನೋದು ಖಾತ್ರಿ ಆದ್ರೂ ಒಂದು ಪ್ರಶ್ನೆ ಉಳಿಯತ್ತೆ. ಪ್ರಾಕ್ಟೀಸ್ ಅವನಿಗೆ ತೀರಾ ಸುಲಭ ಆಗಿ ಬೇಜಾರಾ, ಮೂರು ಟೀಮಲ್ಲಿ ಆಡಿ ಸಾಕಾಗಿದ್ಯಾ, ಇಲ್ಲಾ ಭಯಾನಾ. ಭಯ ಅಂತೂ ಸೋಮಾರಿತನದ ವೇಷ ಹಾಕ್ಕೊಂಡೇ ಬರತ್ತೆ. ನನ್ ಮಗ ಒಂದಿನ ಕಾರಲ್ಲಿ ಅಂದ, "ಅಪ್ಪಾ, ಒಂದ್ ಸಲ ಬಿಟ್ರೆ ಆಮೇಲೆ ನನ್ ಹತ್ರ ಬಾಲ್ ಬರ್ದೇ ಇರ್ಲಿ ಅಂತ ಅನ್ಕೋತಿರ್ತೀನಿ." ಹಾಗೆ ಅನ್ಕೊಳ್ಳೋನು ಎರಡಡಿ ದೂರದ ಬಾಲಿಗೆ ಹೋಗಲ್ಲ, ಹೋದ್ರೆ ತಾನೇ ಬಿಡೋದು, ಹೋಗ್ದಿದ್ರೆ ಎಷ್ಟೋ ಸಲ ಹಿಟ್ ಅಂತ ಬರೀತಾರೆ, ಎರರ್ ಅಲ್ಲ. ಅವತ್ತಿಂದ ಕಾರಲ್ಲಿ ಆಟದ ಮಾತು ಬಂದ್. ಅವನಾಗೇ ತೆಗೆದ್ರೆ ಸರಿ, ಇಲ್ಲಾಂದ್ರೆ ಹಾಡು, ಇಡ್ಲಿ, ಹೋಮ್‌ವರ್ಕು.

ಎರಡನೇ ಲೆಕ್ಕ

ರಿಪೇರಿ ಮಾಡಿ ಒಂದು ತಿಂಗಳಾದ್ಮೇಲೆ ಮತ್ತೆ ಮೂರು ವಾರಾಂತ್ಯ ಬರೀರಿ, ಅದೇ ಐದು ಕಾಲಂ. ನಮ್ಮ ಶಾರ್ಟ್‌ಸ್ಟಾಪ್ ಹುಡ್ಗ ಈ ಸಲ ಐದು ತಪ್ಪು ಮಾಡ್ದ. ನೇರ ಬಂದಿದ್ದು ಒಂದು, ಅದೂ ಹುಲ್ಲಿನ ಅಂಚಿಗೆ ಬಡಿದು ಎದ್ದಿದ್ದು. ಎಸೆತದ್ದು ಒಂದು. ಉಳಿದ ಮೂರೂ ಬಲಗಡೆ, ಬ್ಯಾಕ್‌ಹ್ಯಾಂಡಲ್ಲಿ, ಇದು ಮೊದಲ ಲೆಕ್ಕದಲ್ಲಿ ಇರ್ಲೇ ಇಲ್ಲ. ಹಳೇ ದೋಷದ ಹಿಂದೆ ಅವಿತ್ಕೊಂಡಿತ್ತೋ, ನಾವು ಹಿಮ್ಮಡಿ ಎತ್ತಿಸಿ ಹೊಸದು ತಂದ್ವೋ ಗೊತ್ತಾಗ್ತಿಲ್ಲ. ಮಾವ ವಾಪಸ್ ಮೈಸೂರಿಗೆ ಹೋಗಿದಾರೆ, ವಿಡಿಯೋ ವಾಟ್ಸಾಪಲ್ಲಿ ಕಳಿಸ್ದೆ. ಬೆಳಿಗ್ಗೆ ಎದ್ದು ನೋಡಿದ್ರೆ ವಾಯ್ಸ್ ಮೆಸೇಜ್ ಬಂದಿದೆ, ಹಿಂದೆ ಕುಕ್ಕರ್ ಸೀಟಿ ಸದ್ದು, "ಹಿಮ್ಮಡಿ ಸರಿ ಹೋಯ್ತು ಅಳಿಯಂದ್ರೇ, ಈಗ ಬಲಗಾಲ್ ನೋಡಿ, ಅಡ್ಡ ಇಡ್ತಿಲ್ಲ ಅವನು."